ಮಲ್ಲಪ್ಪ ಇಳಿದ ಮಧ್ಯಾಹ್ನ

ನಾವು ಸಣ್ಣವರಿದ್ದ ಆ ವರ್ಷಗಳಲ್ಲಿ ತಿಕೋಟಾದ ಗಾಳಿಗೆ ಗಂಧಕದ ವಾಸನೆ ಹತ್ತಿತೆಂದರೆ ಸಾಲಿಯ ಪರೀಕ್ಷೆ ಮುಗಿಯಲು ಬಂತು ಅಂತಲೇ ಲೆಕ್ಕ. ದ್ರಾಕ್ಷಿ ಕಡಿದು, ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಯ ಮೇಲೆ ಹರವಿ ಒಣಗಿಸುತ್ತಿದ್ದರು. ಒಣಗಿದ ಮೇಲೆ ಬಣ್ಣ ಬರಲೆಂದು ಗಂಧಕದ ಹೊಗೆ ಹಾಕುತ್ತಿದ್ದರು. ಆ ಹೊಗೆಗೆ ಕಣ್ಣಲ್ಲಿ ನೀರು, ಗಂಟಲಲ್ಲಿ ಕೆರೆತ. ಆದರೂ ನಾವು ಆ ಶೆಡ್ಡಿನ ಸುತ್ತಲೇ ಕುಂಟಾಬಿಲ್ಲೆ ಆಡುತ್ತಿದ್ದೆವು, ಯಾಕೆಂದರೆ ಬಣ್ಣ ಕೆಟ್ಟ ಕರಿ ಮಣೂಕವೆಲ್ಲ ನಮ್ಮ ಪಾಲು. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಅಂತಾರೆ. ತಿಂದು ಹೊಟ್ಟೆ ಕೆಟ್ಟಾಗ ದಾದಿಮಾ, ಅಪ್ಪನ ತಾಯಿ, ಅಜವಾನ ಅಗಿಯಲು ಕೊಟ್ಟು, ಜೊತೆಗೆ ಬೈಗುಳವನ್ನೂ ಕೊಡುತ್ತಿದ್ದಳು.

ಇದನ್ನು ಬರೆಯುವಾಗ ನನಗೆ ಸಂತೋಷಕ್ಕಿಂತ ದಣಿವೇ ಹೆಚ್ಚಾಗುತ್ತಿದೆ. ನೆನಪು ಮಾಡಿಕೊಳ್ಳುವುದೂ ಒಂದು ದುಡಿಮೆ ಅನಿಸುವ ವಯಸ್ಸಿಗೆ ಬಂದಿದ್ದೇನೆ.

ಶೆಡ್ಡು ನಮ್ಮ ರಫೀಕ್ ಚಾಚಾನದು. ಅಪ್ಪನ ತಮ್ಮ. ಪ್ರಾಯದಲ್ಲಿ ಯಾರೂ ಕರೆಯದೆ ತಾನಾಗಿಯೇ ಯುದ್ಧಕ್ಕೆ ಹೋಗಿ ಬಂದವನು. ಬಂದೂಕು ಹಿಡಿದವನಲ್ಲ, ಗಾಯಗೊಂಡವರನ್ನು ಹೊತ್ತು ತರುವ ಸ್ವಯಂಸೇವಕ. ಕಾಲೇಜಿನ ಗೆಳೆಯ, ಕನಮಡಿಯ ಮಲ್ಲಪ್ಪನೂ ಜೊತೆಗೆ ಹೋಗಿದ್ದ. ಒಂದು ಸಂಜೆ ಹೊಳೆಯ ಆಚೆ ದಂಡೆಯಲ್ಲಿ ಇನ್ನೂ ಒಬ್ಬ ಗಾಯಾಳು ಉಳಿದಿದ್ದಾನೆಂದು ಮಲ್ಲಪ್ಪ ದೋಣಿ ಹತ್ತಿದನಂತೆ. ದೋಣಿಯೂ ತಿರುಗಿ ಬರಲಿಲ್ಲ, ಅವನೂ ಬರಲಿಲ್ಲ. ಹೆಣ ಸಿಗದ್ದರಿಂದ ಕಾಣೆಯಾಗಿದ್ದಾನೆ ಅಂದರು, ಅಷ್ಟೇ. ಒಬ್ಬನೇ ಊರಿಗೆ ಮರಳಿದ ಚಾಚಾ ಯುದ್ಧದ ಮಾತನ್ನೇ ಎತ್ತಲಿಲ್ಲ. ನಕ್ಷತ್ರಗಳ ಕತೆ ಬರೆಯಲು ಕೂತ.

ಪತ್ರಿಕೆಗಳ ಭಾನುವಾರದ ಪುಟಗಳಲ್ಲಿ ಅವು ಅಚ್ಚಾಗುತ್ತಿದ್ದವು. ವೈಜ್ಞಾನಿಕ ಕತೆ ಬರೆಯುವ ಮನುಷ್ಯ ಅಂತ ಊರವರು ಅವನಿಗೆ ನಮಸ್ಕಾರ ಹಾಕುತ್ತಿದ್ದರು, ಓದುವ ಗೋಜಿಗೆ ಮಾತ್ರ ಹೋಗುತ್ತಿರಲಿಲ್ಲ. ಅವನ ಕತೆಗೆ ಖರೇ ಗಿರಾಕಿಗಳೆಂದರೆ ಶೆಡ್ಡಿನಲ್ಲಿ ಕೂತು ಮಣೂಕದ ತೊಟ್ಟು ಕೀಳುವ ಹೆಂಗಸರು. ಆ ಕೆಲಸಕ್ಕೆ ಕಣ್ಣು, ಬೆರಳು ಸಾಕು, ಕಿವಿ ಖಾಲಿ ಇರುತ್ತದೆ. ಕತೆ ನಡೆದಿದ್ದರೆ ಕೈ ನಿಲ್ಲುವುದಿಲ್ಲ, ಮಾತು ಜಗಳಕ್ಕೆ ತಿರುಗುವುದಿಲ್ಲ ಎಂಬುದು ದಾದಿಮಾಳ ಹಿಕ್ಮತ್ತು. ಮಧ್ಯಾಹ್ನ ರೊಟ್ಟಿ, ಶೇಂಗಾ ಹಿಂಡಿ ಉಂಡು ಎಲ್ಲರೂ ಕೂತ ಮೇಲೆ ಚಾಚಾನನ್ನು ಅಲ್ಲಿಗೆ ಅಟ್ಟುತ್ತಿದ್ದಳು.

ಕತೆ ಒಂದೇ, ವರ್ಷ ವರ್ಷ ಮುಂದುವರಿಯುತ್ತಿತ್ತು. ಮಲ್ಲಪ್ಪ ಎಂಬವನು ಒಂದು ನೌಕೆಯಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುತ್ತಿದ್ದಾನೆ. ಎಲ್ಲಿ ಇಳಿದರೂ ಯಾರನ್ನೋ ಬದುಕಿಸಿ ಮತ್ತೆ ಹೊರಡುತ್ತಾನೆ. ನೌಕೆ ಎಷ್ಟು ಜೋರಾಗಿ ಓಡುತ್ತದೆಂದರೆ ಒಳಗೆ ಕಾಲವೇ ನಿಧಾನ. ಭೂಮಿಯ ಮೇಲೆ ಎಲ್ಲರ ಕೂದಲು ಬೆಳ್ಳಗಾದರೂ ಅವನಿಗೆ ಇನ್ನೂ ಮೀಸೆ ದಪ್ಪಗಾಗಿಲ್ಲ.

"ಅಲ್ಲಿ ರೊಟ್ಟಿ ಬಡಿಯಾವ್ರು ಯಾರ್ರಿ ಅಣ್ಣಾರ?" ಎಂದು ಒಬ್ಬಳು ಕೇಳುತ್ತಿದ್ದಳು.

"ರೊಟ್ಟಿ ಇಲ್ಲ. ಗುಳಗಿ ತಿಂತಾರ. ಒಂದ ಗುಳಗಿ, ಇಡೀ ದಿನದ ಊಟ."

"ಹಂಗಾರ ನನ್ನೂ ಕಳಸ್ರಿ. ಒಲಿ ಮುಂದ ಕುಂಡ್ರೂದರ ತಪ್ಪತೈತಿ."

ಎಲ್ಲರೂ ನಗುತ್ತಿದ್ದರು. ಗೌರವ್ವ ನಗುತ್ತಿರಲಿಲ್ಲ. ಆಕೆ ಮಲ್ಲಪ್ಪನ ತಾಯಿ. ಸುಗ್ಗಿ ಬಂತೆಂದರೆ ಕನಮಡಿಯಿಂದ ಬಂದು ನಮ್ಮ ಪಡಸಾಲೆಯಲ್ಲೇ ಇದ್ದು, ತೊಟ್ಟು ಕೀಳಲು ಕೂರುತ್ತಿದ್ದಳು. ಇದು ಕತೆ ಅಂತ ಆಕೆಗೆ ಗೊತ್ತಿತ್ತು, ಮರುಳಾಗಿರಲಿಲ್ಲ. ಆದರೂ ನಡುವೆ ಒಮ್ಮೊಮ್ಮೆ, "ಅಲ್ಲಿ ಥಂಡಿ ಭಾಳ ಐತೇನು?" ಎಂದು ಕೇಳುತ್ತಿದ್ದಳು. "ಕೌದಿ ಒಯ್ದಾನ ಯವ್ವಾ" ಎಂದು ಚಾಚಾ ಹೇಳುತ್ತಿದ್ದ. ಅಷ್ಟಕ್ಕೆ ಆಕೆ ಮತ್ತೆ ತಾಟಿನ ಕಡೆ ತಿರುಗುತ್ತಿದ್ದಳು.

ನಾನು ಹೇಳಹೊರಟ ಬೇಸಿಗೆಯಲ್ಲಿ ಗೌರವ್ವನ ಕಣ್ಣಿಗೆ ಪೊರೆ ಬಂದಿತ್ತು. ಆಕೆ ಕೀಳುವ ಮಣೂಕದಲ್ಲಿ ತೊಟ್ಟು ಹಾಗೇ ಉಳಿಯುತ್ತಿದ್ದವು. ಉಳಿದ ಹೆಂಗಸರು ಏನೂ ಅನ್ನದೆ ಆಕೆಯ ತಾಟನ್ನು ತಮ್ಮ ಕಡೆ ಎಳೆದುಕೊಂಡು ಇನ್ನೊಮ್ಮೆ ಆರಿಸುತ್ತಿದ್ದರು. ಒಂದು ಮಧ್ಯಾಹ್ನ, ಕತೆ ಶುರುವಾಗುವ ಮೊದಲೇ ಆಕೆ ಅಂದಳು:

"ರಫೀಕಾ, ಈ ವರ್ಷ ಅವನ್ನ ಕೆಳಗ ಇಳಸು."

ಚಾಚಾ ನಗಲು ನೋಡಿದ. "ಇನ್ನೂ ದೂರ ಅದಾನ ಯವ್ವಾ. ದಾರ್ಯಾಗ ಅದಾನ."

"ದಾರ್ಯಾಗ ಅದಾನ ಅನ್ನೂದ ಕೇಳಿ ಕೇಳಿ ಸಾಕಾಗೈತಿ. ಮುಂದಿನ ವರ್ಷ ನಾ ಜತ್ತದಾಗ ಮಗಳ ಮನ್ಯಾಗ ಇರ್ತೀನಿ, ಈ ಕಣ್ಣು ಕಟಗೊಂಡು ಇಲ್ಲಿಗೆ ಬರಾಕ ಆಗೂದಿಲ್ಲ. ನಾ ಕೇಳೂದರಾಗ ಇಳಸು."

"ಇಳಿಸಿದ್ರ ಕತಿ ಮುಗೀತೈತಿ."

"ಮುಗೀಲಿ. ಅಂವ ದಣದಾನ. ನೀನೂ ದಣದಿ."

ಆ ದಿನ ಚಾಚಾ ಕತೆ ಹೇಳದೆ ಎದ್ದು ಹೋದ. ಮರುದಿನದಿಂದ ಬೆಳಿಗ್ಗೆ ಬೇವಿನ ಗಿಡದ ಕೆಳಗೆ ಕೂತು ಬರೆಯುವುದು, ಹರಿದು ಒಲೆಗೆ ಹಾಕುವುದು. ಮಧ್ಯಾಹ್ನ ಬಂದು ಮಲ್ಲಪ್ಪನನ್ನು ಇನ್ನೊಂದು ಗ್ರಹಕ್ಕೆ ಒಯ್ಯುವುದು. ಹೆಂಗಸರಿಗೆ ಬೇಸರ ಬಂತು. ಗೌರವ್ವ ಮತ್ತೆ ಕೇಳಲಿಲ್ಲ, ಕೇಳಿದ್ದು ಒಂದೇ ಸಲ. ಕಾಗದದ ಮೇಲೆ ಒಬ್ಬನನ್ನು ನೆಲಕ್ಕೆ ಇಳಿಸಲು ಇಷ್ಟು ಒದ್ದಾಟವೇಕೆಂದು ನಾನು ದಾದಿಮಾಳನ್ನು ಕೇಳಿದೆ.

"ಇಳಿದ್ರ ಮನಿಗೆ ಬರಬೇಕಲ್ಲ ಅಂವ," ಅಂದಳು ದಾದಿಮಾ. "ಬರೂದಿಲ್ಲಂತ ಇಬ್ಬರಿಗೂ ಗೊತ್ತೈತಿ."

ಗೌರವ್ವ ಹೊರಡುವ ಹಿಂದಿನ ದಿನ, ಬಬಲೇಶ್ವರದ ಕಡೆಯಿಂದ ಮೋಡ ಕವಿದು ಬಂತು. ಒಣಗುವ ಮಣೂಕಕ್ಕೆ ಒಂದು ಮಳೆ ಬಡಿದರೂ ಎಲ್ಲ ಕರ್ರಗಾಗುತ್ತದೆ. ಕತೆ, ತಾಟು ಎಲ್ಲ ಬಿಟ್ಟು ಹೆಂಗಸರು ಓಡಿದರು. ಶೆಡ್ಡಿನ ಸುತ್ತ ತಾಡಪತ್ರಿ ಇಳಿಬಿಟ್ಟು, ಹಗ್ಗ ಬಿಗಿದು, ಎಲ್ಲರೂ ಒಳಗೆ ಸೇರಿದೆವು. ಪತ್ರಾಸಿನ ತಗಡುಗಳ ಮೇಲೆ ಮಳೆ ದಬದಬ ಹೊಡೆಯತೊಡಗಿತು. ಒಳಗೆ ಕತ್ತಲು, ತೊಟ್ಟು ಕಾಣುತ್ತಿರಲಿಲ್ಲ. ಯಾರ ಕೈಗೂ ಕೆಲಸವಿರಲಿಲ್ಲ.

"ಈಗ ಹೇಳು," ಅಂದಳು ಗೌರವ್ವ.

ಚಾಚಾ ಆಕೆಯ ಎದುರಿಗೆ ಬಂದು ಕೂತ. ಆಮೇಲೆ ಶುರುಮಾಡಿದ.

"ನೌಕಾ ಕನಮಡಿ ಹೊಲದಾಗ ಇಳೀತು. ಮಲ್ಲಪ್ಪ ಹೊರಗ ಬಂದ. ಅದ ವಯಸ್ಸು, ಅದ ಅಂಗಿ. ಊರಾಗ ಯಾರೂ ಗುರುತು ಹಿಡೀಲಿಲ್ಲ. ನಡಕೋತ ಬಂದು ಮನಿ ಬಾಗಿಲದಾಗ ನಿಂತ. ಒಳಗ ಅವರವ್ವ..."

ಮುಂದೆ ಅವನಿಗೆ ಆಗಲಿಲ್ಲ. ಯುದ್ಧದಿಂದ ಬಂದು ಇಷ್ಟು ವರ್ಷ ಅದರ ಬಗ್ಗೆ ಒಂದು ಮಾತೂ ಆಡದ ಮನುಷ್ಯ, ಅಷ್ಟು ಹೆಂಗಸರ ನಡುವೆ ಮುಖ ಮುಚ್ಚಿಕೊಂಡು ಅತ್ತ. ನನಗೆ ಹೆದರಿಕೆಯಾಯಿತು, ದಾದಿಮಾಳ ಸೆರಗು ಹಿಡಿದುಕೊಂಡೆ.

ಗೌರವ್ವನೇ ಕತೆಯನ್ನು ಎತ್ತಿಕೊಂಡಳು. ದನಿ ಏರಲಿಲ್ಲ, ಇಳಿಯಲಿಲ್ಲ.

"ಅವ್ವ ಅಂದ್ಲು, ಕಾಲಿಗೆ ನೀರ ತಗೋ ಅಂತ. ಅಂವ ಕಾಲ ತೊಳಕೊಂಡು ಒಳಗ ಬಂದ. ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡ. ಹೊಟ್ಟಿ ತುಂಬ ಉಂಡ. ಆಮ್ಯಾಲ ಕೌದಿ ಹೊಚ್ಚಿಕೊಂಡು ಮಲಗ್ಯಾನ."

ಆಕೆ ಕೈ ತಡವರಿಸಿ ಚಾಚಾನ ತಲೆ ಹುಡುಕಿ, ಸವರಿದಳು.

"ಇನ್ನ ಅವನ್ನ ಎಬ್ಬಿಸಬ್ಯಾಡ, ರಫೀಕಾ."

ಮಳೆ ಬೇಗ ನಿಂತಿತು. ತಾಡಪತ್ರಿ ಎತ್ತಿದಾಗ ಅಂಚಿನ ಜಾಳಿಗೆಗಳಷ್ಟೇ ನೆನೆದಿದ್ದವು. ಮರುದಿನ ಬೆಳಿಗ್ಗೆ ದಾದಿಮಾ ಮಣೂಕದ ಗಂಟು ಕಟ್ಟಿಕೊಟ್ಟಳು, ಚಾಚಾ ಬಸ್ಸಿಗೆ ಹತ್ತಿಸಿ ಬಂದ. ಮುಂದಿನ ಸುಗ್ಗಿಯ ಹೊತ್ತಿಗೆ ಗೌರವ್ವ ಬದುಕಿರಲಿಲ್ಲ. ಚಾಚಾ ಆಮೇಲೂ ಬರೆದ, ತೀರಿಹೋಗುವವರೆಗೂ ಬರೆದ, ಆದರೆ ಅವನ ಯಾವ ನೌಕೆಯಲ್ಲೂ ಮಲ್ಲಪ್ಪ ಇರಲಿಲ್ಲ. ಗೌರವ್ವನ ಮಾತು ನಡೆಸಿದ.

ಈಗ ನಾನು ವಿಜಯಪುರದಲ್ಲಿ, ಸೊಲ್ಲಾಪುರ ರಸ್ತೆಯ ಪಕ್ಕ ಬಾಡಿಗೆ ಮನೆಯಲ್ಲಿದ್ದೇನೆ. ದಿನವಿಡೀ ಲಾರಿಗಳ ಸದ್ದು, ಗ್ಯಾರೇಜುಗಳ ಸದ್ದು. ಗಾಂಧಿ ಚೌಕದಲ್ಲಿ ಕೊಳ್ಳುವ ಮಣೂಕದಲ್ಲಿ ಹುಡುಕಿದರೂ ಒಂದು ತೊಟ್ಟು ಸಿಗುವುದಿಲ್ಲ. ಯಂತ್ರ ಆರಿಸುತ್ತದಂತೆ. ಯಂತ್ರಕ್ಕೆ ಕತೆ ಬೇಡ, ಕಣ್ಣು ಮಂಜಾದವಳ ತಾಟನ್ನು ಅದು ತನ್ನ ಕಡೆ ಎಳೆದುಕೊಳ್ಳಬೇಕಾಗಿಯೂ ಇಲ್ಲ. ಬಣ್ಣ ಚೆನ್ನಾಗಿದೆ, ರುಚಿಯೂ ಕೆಟ್ಟಿಲ್ಲ, ಸುಳ್ಳು ಹೇಳಬಾರದು.

ಸಂಜೆ ಕಚೇರಿಯಿಂದ ಬಂದು ಕೀಲಿ ತೆಗೆಯುವಾಗ ಮಾತ್ರ ಕಾಲು ಹೊಸ್ತಿಲಲ್ಲೇ ನಿಲ್ಲುತ್ತವೆ. ಒಳಗಿನಿಂದ ಯಾರಾದರೂ, ಕಾಲಿಗೆ ನೀರ ತಗೋ, ಅನ್ನಲಿ ಅಂತ ಸುಮ್ಮನೆ ಒಂದು ಕ್ಷಣ ಕಾಯುತ್ತೇನೆ. ಮಲ್ಲಪ್ಪನಿಗಾದರೂ ಹಾಗೆ ಅನ್ನುವವರು ಒಬ್ಬರಿದ್ದರು.