ಓಬಳಮ್ಮ ಬೆಂಗಳೂರು ನೋಡಿದ್ದು

ವಿಧಾನಸೌಧದ ಮುಂದೆ ಟೂರ್ ಬಸ್ಸು ನಿಂತಾಗ ಸಾದಲಿಯ ಓಬಳಮ್ಮನ ತಲೆ ಪಕ್ಕದ ಸೀಟಿನ ಯಾರೋ ಮೇಷ್ಟರ ಭುಜದ ಮೇಲಿತ್ತು. ಗೊರಕೆ ಗೈಡಿನ ಮೈಕನ್ನೂ ಮೀರಿಸಿತ್ತು.

"ಅಮ್ಮ, ಇಳೀರಿ," ಎಂದರು ಮೇಷ್ಟರು.

"ಸೊಪ್ಪು ಹಾಕಿ ಬರ್ತೀನಿ," ಎಂದು ಗೊಣಗಿ ಮತ್ತೆ ಒರಗಿದಳು.

ಇಪ್ಪತ್ತು ವರ್ಷದಿಂದ ರೇಷ್ಮೆಹುಳಕ್ಕೆ ಹೊತ್ತುಹೊತ್ತಿಗೂ ಸೊಪ್ಪು ಹಾಕುತ್ತಾ ಬೆಂಗಳೂರಿನ ಆಸೆಯನ್ನು ಮುಂದೂಡಿದವಳು ಅವಳು. ಪೊರೆ ಬಿಡಲು ಹುಳ ಜ್ವರಕ್ಕೆ ಕೂತು ನಿದ್ದೆಹೋದಾಗ ಮಾತ್ರ ಒಂದು ದಿನ ಮೇವು ಕೇಳುವುದಿಲ್ಲ. ಈ ಸಲ ಸರಿಯಾಗಿ ಆ ದಿನಕ್ಕೇ ಸೀಟು ಹಿಡಿದಿದ್ದಳು. ಲಾಲ್‌ಬಾಗು, ಅರಮನೆ ಎಲ್ಲವೂ ಕಿಟಕಿಯವರೆಗೆ ಬಂದು, ಅವಳನ್ನು ಎಬ್ಬಿಸಲಾಗದೆ ಹಿಂದೆ ಸರಿದವು.

ಸಂಜೆ ಸೊಸೆ ಕವಿತ ಬಾಗಿಲಲ್ಲೇ ಕಾದಿದ್ದಳು. "ಹುಳ ಈಗ್ತಾನೇ ಎದ್ದವು ಅತ್ತೆ. ಅದಿರ್ಲಿ, ಬೆಂಗಳೂರಲ್ಲಿ ಏನೇನ್ ನೋಡಿದ್ರಿ?"

ಓಬಳಮ್ಮ ಸೊಪ್ಪಿನ ಮಂಕರಿ ಎತ್ತಿಕೊಂಡಳು.

"ನಾನೂ ಈಗ್ತಾನೇ ಎದ್ದೆ ಕಣಮ್ಮ."