ಬಿಸಿಲು ಬರುವವರೆಗೆ ಹಿಡಿದಿಟ್ಟ ಮೀನು

ಪುಟ್ಟಿ, ಚಿನ್ನು, ಇದನ್ನು ನಿಮಗೆಂದೇ ಬರೆಯುತ್ತಿದ್ದೇನೆ. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಚಿನ್ನು, ನೀನಾಗ ಕೈಗೂಸು. ಪುಟ್ಟಿ, ನೀನು ನನ್ನ ಜೊತೆಗಿದ್ದೆ, ನೆನಪಿದೆಯೋ ಇಲ್ಲವೋ.

ನಿಮ್ಮ ತಾತ ಹೋದ ಮೇಲೆ ಊರು ಬಿಟ್ಟು ಅಮೆರಿಕಕ್ಕೆ, ಮೀರಾ ಮೆಸಾ ಬಡಾವಣೆಯ ನಿಮ್ಮ ಮನೆಗೆ ಬಂದೆ. ನಾನು ಕೆರೆಯಲ್ಲಿ ಬಲೆ ಬೀಸುವವರ ಮನೆಯ ಮಗಳು. ನಿಮ್ಮಪ್ಪನ ಮನೆಯವರು ಮೀನು ಮುಟ್ಟದ ಜನ. ಅವರಿಗಾಗಿ ನಿಮ್ಮಮ್ಮ ಮೀನು ಬಿಟ್ಟಳು, ಅವಳಿಗಾಗಿ ನಾನೂ ಬಿಟ್ಟೆ. ಅದಕ್ಕೆ ಬೇಜಾರಿಲ್ಲ. ನನಗೆ ಹೇಸಿಗೆಯಾದದ್ದು ಬೇರೆಯದಕ್ಕೆ. ಅಂಗಡಿಯಲ್ಲಿ ಮೀನಿನ ವಾಸನೆಗೆ ಮೂಗು ಮುಚ್ಚುವ ನಿಮ್ಮಪ್ಪ, ಆಫೀಸಿನ ಗೆಳೆಯನ ಜೊತೆ ಸೇರಿ ಗಾಳ ಹಾಕುವುದನ್ನು ಕಲಿತಿದ್ದರು. ಹಿಡಿಯುವುದು, ಫೋಟೋ ತೆಗೆಯುವುದು, ಬಿಡುವುದು. “ತಿನ್ನಲ್ವಲ್ಲ ಅತ್ತೆ, ಪಾಪ ಇಲ್ಲ” ಎನ್ನುತ್ತಿದ್ದರು.

ನಾನು ಅಳಿಯನ ಜೊತೆ ನೇರವಾಗಿ ಮಾತಾಡಿದವಳಲ್ಲ. ನಮ್ಮ ಕಡೆ ಆ ರೂಢಿಯಿಲ್ಲ. ಕಾರಿನ ಗಾಜು ಏರಿಸಬೇಕಿದ್ದರೂ “ಪುಟ್ಟಿ, ನಿಮ್ಮಪ್ಪನಿಗೆ ಹೇಳು” ಎನ್ನುತ್ತಿದ್ದೆ. ನೀನು ಅದನ್ನು ಇಂಗ್ಲಿಷಿನಲ್ಲಿ ದಾಟಿಸುತ್ತಿದ್ದೆ.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ನಿಮ್ಮಪ್ಪ ನಮ್ಮಿಬ್ಬರನ್ನೂ ಬೆಟ್ಟದ ಕಡೆಯ ಕೆರೆಗೆ ಕರೆದೊಯ್ದರು. ಗೆಳೆಯನೂ ಬಂದಿದ್ದ. ಹೊರಡುವಾಗ ಬಿಸಿಲಿತ್ತು, ಅಲ್ಲಿ ಸೇರುವಷ್ಟರಲ್ಲಿ ಮೋಡ ಬಂದು ಹೋಗಿ ಮಾಡುತ್ತಿತ್ತು.

“ನಾಲ್ಕು ದಿನ ಬೆಚ್ಚಗಿತ್ತಲ್ಲ, ಬಾಸ್ ಮೀನು ದಡಕ್ಕೇ ಬಂದಿರುತ್ತೆ” ಎಂದ ಗೆಳೆಯ.

ಬಂದಿತ್ತು. ಮೊಣಕಾಲುದ್ದದ ನೀರಿನಲ್ಲಿ, ತಟ್ಟೆಯಗಲಕ್ಕೆ ಗುಡಿಸಿದಂತಿದ್ದ ಜಾಗದ ಮೇಲೆ ಒಂದು ಮೀನು ಕದಲದೆ ನಿಂತಿತ್ತು.

“ಮೊಟ್ಟೆ ಕಾಯ್ತಿದೆ ಕಣೋ. ಓಡಲ್ಲ. ಮೂತಿ ಮುಂದೇನೇ ಬಿಡು.”

ನಿಮ್ಮಪ್ಪ ರಬ್ಬರಿನ ಹುಳು ಇಳಿಬಿಟ್ಟರು. ಮೀನು ಅದನ್ನು ಕಚ್ಚಿದ್ದು ಹಸಿವಿಗಲ್ಲ, ಮೊಟ್ಟೆಯ ಹತ್ತಿರ ಬಂತೆಂದು. ಗಾಳ ಗಂಟಲಿಗೆ ಇಳಿಯಿತು. ಎಳೆದ ಕೂಡಲೇ ಸಣ್ಣ ಮೀನುಗಳು ಆ ಜಾಗಕ್ಕೆ ಮುಗಿಬಿದ್ದು ಮೊಟ್ಟೆ ಮೇಯತೊಡಗಿದವು. ನಮ್ಮಪ್ಪ ಊರಿನಲ್ಲಿ ಮರಿ ಕಾಯುವ ಕೊರವ ಮೀನಿನ ತಂಟೆಗೆ ಹೋಗುತ್ತಿರಲಿಲ್ಲ.

ನಿಮ್ಮಪ್ಪ ಮೀನಿನ ಬಾಯಿಗೆ ಹೆಬ್ಬೆರಳು ತೂರಿಸಿ ಎತ್ತಿ ಹಿಡಿದರು. ಅಷ್ಟರಲ್ಲಿ ಮೋಡ ಕವಿಯಿತು.

“ಫೋಟೋದಲ್ಲಿ ಕಪ್ಪಗೆ ಬರ್ತಿದೀಯ. ಬಿಸಿಲು ಬರ್ಲಿ, ಇರು” ಎಂದ ಗೆಳೆಯ.

ಇದ್ದರು, ಹಲ್ಲು ಕಿರಿದುಕೊಂಡು. ಮೀನಿನ ಕಿವಿರಿನಿಂದ ರಕ್ತ ಅವರ ಮಣಿಕಟ್ಟಿಗೆ ಇಳಿಯುತ್ತಿತ್ತು. ಬಿಸಿಲು ಬಂತು, ಒಂದು ಫೋಟೋ. ಕಣ್ಣು ಮುಚ್ಚಿದ್ದರಂತೆ, ಇನ್ನೊಂದು. ಮೀನು ಬಾಯಿ ತೆರೆಯುವುದನ್ನೂ ನಿಲ್ಲಿಸಿತು.

“ನೀರಿಗೆ ಬಿಡಬೇಡಿ. ಅದು ಬದುಕೋದಿಲ್ಲ. ನನ್ನ ಕೈಗೆ ಕೊಡಿ, ನರಳೋದಾದ್ರೂ ತಪ್ಪುತ್ತೆ.”

ಹೇಳಿದವಳು ನಾನೇ. ನಿಮ್ಮಪ್ಪ ತಿರುಗಿ ನಿನ್ನ ಮುಖ ನೋಡಿದರು ಪುಟ್ಟಿ, ನೀನೇ ಹೇಳಿದೆಯೇನೋ ಎಂಬಂತೆ.

“ಅತ್ತೆ, ನಾವು ಕೊಲ್ಲೋ ಜನ ಅಲ್ಲ” ಎಂದು ದಾರ ಕತ್ತರಿಸಿ ಮೀನನ್ನು ನೀರಿಗೆ ಬಿಟ್ಟರು. ಅದು ಮಗುಚಿ ಬಿಳಿ ಹೊಟ್ಟೆ ತೋರಿಸಿತು. ಗಾಳಿ ಎದ್ದು ಅದನ್ನು ಮತ್ತೆ ದಡಕ್ಕೆ ತಳ್ಳಿತು. ಕಿವಿರು ಇನ್ನೂ ಮಿಸುಕುತ್ತಿತ್ತು. ಇಬ್ಬರೂ ಫೋನಿನಲ್ಲಿ ಫೋಟೋ ನೋಡುತ್ತಿದ್ದರು.

ನಾನು ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ. ಹಿಡಿದು ತಂದು ಕಲ್ಲಿನಿಂದ ತಲೆಗೆ ಒಂದೇ ಏಟು ಹಾಕಿದೆ.

“ಛೀ! ಮಗು ಎದುರಿಗೆ!” ಎಂದರು ನಿಮ್ಮಪ್ಪ.

“ನಿಮ್ಮತ್ತೆ ಜೋರಿದ್ದಾರೆ ಬಿಡೋ” ಎಂದು ಗೆಳೆಯ ನಕ್ಕ.

ಮಾವಿನಕಾಯಿಗೆಂದು ತಂದಿದ್ದ ಉಪ್ಪುಖಾರ ಸವರಿ, ಕೆರೆಯ ಪಕ್ಕದ ಪಾರ್ಕಿನಲ್ಲಿ ಬಂದವರಿಗೆಂದು ಇಟ್ಟಿದ್ದ ಇದ್ದಿಲ ಒಲೆಯ ಮೇಲೆ ಸುಟ್ಟು, ಒಬ್ಬಳೇ ತಿಂದೆ. ತುಂತುರು ಹನಿಯುತ್ತಿತ್ತು. ರುಚಿ ಹತ್ತಲಿಲ್ಲ, ಆದರೂ ಒಂದು ಚೂರೂ ಬಿಡಲಿಲ್ಲ.

ಆಮೇಲೆ ಮನೆಗೆ ಬಂದವರಿಗೆಲ್ಲ ನಿಮ್ಮಪ್ಪ ಹೇಳಿದರು, “ನಾನು ಬಿಟ್ಟ ಮೀನನ್ನ ನಮ್ಮತ್ತೆ ಕೊಂದುಬಿಟ್ರು.” ಬಂದವರು ನಗುತ್ತಿದ್ದರು. ನಾನು ಅಡುಗೆಮನೆಯಿಂದ ಈಚೆಗೆ ಬರುತ್ತಿರಲಿಲ್ಲ. ನಿಮ್ಮಪ್ಪ ಕೆಟ್ಟವರಲ್ಲ, ನನ್ನನ್ನು ಚೆನ್ನಾಗಿಯೇ ನೋಡಿಕೊಂಡಿದ್ದಾರೆ. ಆದರೆ ಆ ಮಾತು ಕೇಳಿದಾಗಲೆಲ್ಲ ನನಗೆ ಈಗಲೂ ಅಸಹ್ಯವಾಗುತ್ತದೆ. ಆ ಕಥೆಯನ್ನು ನೀವೂ ಕೇಳಿ ಬೆಳೆದವರು. ನಡೆದದ್ದು ಇದು. ಕನ್ನಡ ಓದಲು ಕಷ್ಟವಾದರೆ ಅಮ್ಮನ ಹತ್ತಿರ ಓದಿಸಿಕೊಳ್ಳಿ. ಹಾಳೆಗಳನ್ನು ಮಾತ್ರ ಎಸೆಯಬೇಡಿ, ನಿಮ್ಮಿಬ್ಬರಲ್ಲಿ ಒಬ್ಬರು ಜೋಪಾನವಾಗಿ ಇಟ್ಟುಕೊಳ್ಳಿ.