ಸಾರಮ್ಮನ ಕಾಣಿಕೆಯ ಕಾಫಿ

ಸಾರಮ್ಮ ಕಾಫಿ ಕದ್ದಿರಲಿಲ್ಲ. ಕದ್ದವನು ನಾನು. ಹದಿನಾಲ್ಕು ವರ್ಷ ಈ ಮಾತನ್ನು ನುಂಗಿಕೊಂಡು, ಪ್ರತಿ ಭಾನುವಾರ ಈ ದೇವಾಲಯದಲ್ಲಿ ನಿಮ್ಮೆದುರು ನಿಂತು ಪ್ರಕಟಣೆ ಓದಿದ್ದೇನೆ — ಮಾನಗೆಟ್ಟವನು.

ಬಾಳೂರು ಕಡೆಯ ಒಂದು ತೋಟದಲ್ಲಿ ನಾನು ರೈಟರ್ ಆಗಿದ್ದೆ. ಆಳುಗಳ ಹಾಜರಿ, ಗೋಡೌನಿನ ಬೀಗದ ಕೈ ಎರಡೂ ನನ್ನ ಬಳಿ. ನಮ್ಮ ಈ ಮೆಥೊಡಿಸ್ಟ್ ಕ್ರೈಸ್ತ ಸಭೆಗೂ ನಾನೇ ಕಾರ್ಯದರ್ಶಿ. ನಮ್ಮದೇನು ದೊಡ್ಡ ಸಭೆಯೇ, ಮೂವತ್ತು ಮನೆ ಇದ್ದರೆ ಹೆಚ್ಚು. ಆದರೂ ಸಭೆಯ ಮೇಲಿನವರಿಗೆ ಕಳಿಸುವ ವರ್ಷದ ವರದಿಯಲ್ಲಿ ‘ರೋಗಿಗಳ ಸೇವೆ’ ಎಂಬ ಜಾಗ ಎಂದೂ ಖಾಲಿ ಬಿದ್ದಿರಲಿಲ್ಲ. ಸಾರಮ್ಮ ಇದ್ದಳಲ್ಲ! ಅದೇ ತೋಟದಲ್ಲಿ ಕೂಲಿ ಮಾಡಿ, ಕೆಲಸ ಬಿಟ್ಟ ಮೇಲೆ ಯಾರ ಮನೆಯಲ್ಲಿ ಯಾರು ಮಲಗಿದ್ದಾರೋ ಅಲ್ಲಿಗೆ ಹೋಗುವಳು. ನನ್ನ ತಾಯಿ ಹಾಸಿಗೆ ಹಿಡಿದಾಗ ಮೂರು ತಿಂಗಳು ಮೈ ಒರೆಸಿ ಗಂಜಿ ಕುಡಿಸಿದವಳೂ ಅವಳೇ. ದುಡ್ಡು ಕೊಡಹೋದರೆ, “ದೇವ್ರ ಕೆಲ್ಸಕ್ಕೆ ಕೂಲಿನಾ ರೈಟ್ರೆ? ಸುಮ್ನಿರಿ” ಅಂದಳು.

ಋಣ ಇಟ್ಟುಕೊಳ್ಳಬಾರದು ಎಂಬ ಜಂಬ ನನಗೆ. ಸುಗ್ಗಿ ಹಬ್ಬದ ಆರಾಧನೆಗೆ ಎರಡು ದಿನ ಮುಂಚೆ ಬಾಯಿ ಕಟ್ಟಿದ ಒಂದು ಚೀಲ ಕಾಫಿ ಕೊಟ್ಟು, “ನಮ್ಮನೆ ಗಿಡದ್ದು, ನಿನ್ನ ಹೆಸ್ರಲ್ಲಿ ಕಾಣಿಕೆ ಇಡು” ಎಂದೆ. ಸುಳ್ಳು. ಅದು ತೋಟದ ಗೋಡೌನಿನದು. ಮನೆ ಹಿಂದೆ ನಾಲ್ಕು ಗಿಡ ಇರುವವರು ಹಣ್ಣನ್ನು ಸಿಪ್ಪೆ ಸಮೇತ ಒಣಗಿಸುತ್ತಾರೆ. ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಆಗಬೇಕಾದರೆ ಯಂತ್ರ ಬೇಕು. ಅದಿದ್ದದ್ದು ತೋಟದಲ್ಲಿ ಮಾತ್ರ. ನಾನು ಆತುರದಲ್ಲಿ ಪಾರ್ಚ್‌ಮೆಂಟ್ ಮೂಟೆಗೇ ಕೈ ಹಾಕಿದ್ದೆ.

ಆರಾಧನೆ ಮುಗಿದು ಕಾಣಿಕೆಗಳ ಹರಾಜು ನಡೆಯುತ್ತಿತ್ತು. ತೋಟದ ಮಾಲೀಕರಾದ ಗೌಡರು ಪ್ರತಿ ವರ್ಷದಂತೆ ಅತಿಥಿಯಾಗಿ ಬಂದು, ನಗುನಗುತ್ತಾ ಒಂದು ಕುಂಬಳಕಾಯಿಗೆ ಸಿಕ್ಕಾಪಟ್ಟೆ ಬೆಲೆ ಕೂಗಿದ್ದರು. ಆಮೇಲೆ ಈ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು ನೋಡಿದರು. “ಇದು ಪಾರ್ಚ್‌ಮೆಂಟ್ ಅಲ್ವೇನ್ರೀ ರೈಟ್ರೆ? ಯಾರು ತಂದಿದ್ದು?”

ಬರೀ ಕುತೂಹಲಕ್ಕೆ ಕೇಳಿದ್ದರೋ ಏನೋ. ನಾನೇ ಕೊಟ್ಟಿದ್ದು ಅನ್ನಬಹುದಿತ್ತು — ಕೆಲಸ ಹೋಗುತ್ತಿತ್ತು, ಅಷ್ಟೇ ತಾನೆ. ಅದರ ಬದಲು ಹೆಂಗಸರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ಎಲ್ಲಿಂದ ತಂದೆ ಸಾರಮ್ಮ? ನಿಜ ಹೇಳು.”

ಅವಳು ಒಂದೇ ಸಲ ನನ್ನ ಮುಖ ನೋಡಿದಳು. ಅರ್ಥವಾಯಿತು ಅವಳಿಗೆ. ನನ್ನ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ — ಯಾಕೆ ಹೇಳಲಿಲ್ಲವೋ, ನನ್ನ ತಾಯಿಯ ಮುಖ ನೆನಪಾಯಿತೋ... ಗಂಡನ ಜೊತೆ ಎದ್ದು ಹೋದಳು. “ಹೋಗ್ಲಿ ಬಿಡಿ ಮಾರಾಯ್ರೆ, ಹಬ್ಬದ ದಿನ” ಎಂದು ಗೌಡರು ದೊಡ್ಡ ಮನಸ್ಸು ಮಾಡಿದರು. ನಾನು ತಲೆಯಾಡಿಸಿದೆ, ಥೂ!

ಮರುದಿನದಿಂದ ಅವಳು ತೋಟಕ್ಕೂ ಬರಲಿಲ್ಲ, ದೇವಾಲಯಕ್ಕೂ ಬರಲಿಲ್ಲ. ಆ ವರ್ಷದ ವರದಿಯಲ್ಲಿ ಇಬ್ಬರು ಸದಸ್ಯರು ಕಡಿಮೆಯಾದದ್ದಕ್ಕೆ ಕಾರಣ ಕೇಳಿದ್ದರು. ‘ಸ್ಥಳಾಂತರ’ ಎಂದು ಬರೆದೆ. ನಮ್ಮ ದೇವಾಲಯದ ಗಂಟೆಯ ಸದ್ದು ಕೇಳುವಷ್ಟು ಹತ್ತಿರದಲ್ಲಿತ್ತು ಅವಳ ಮನೆ.

ಹೋದ ವಾರ ಅಲ್ಲಿಗೆ ಹೋಗಿ ಎಲ್ಲ ಹೇಳಿ ಕೈ ಮುಗಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. “ನಾ ಕದ್ದಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತಲ್ಲ ರೈಟ್ರೆ. ನಂಗ್ಯಾಕೆ ಹೇಳ್ತೀರಿ? ಗೊತ್ತಿಲ್ದೋರಿಗೆ ಹೇಳಿ.” ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದು ಅಂದಳು: “ನಮ್ಮನೆಯವ್ರು ಸಾಯೋವರ್ಗೂ ಕೇಳ್ತಿದ್ರು, ಯಾಕೆ ಕದ್ದೆ ಅಂತ.”

ಗೌಡರಿಗೆ ನಿನ್ನೆ ಹೇಳಿ ಬಂದೆ. ಇವತ್ತು ನಿಮಗೆ ಹೇಳಿದ್ದೇನೆ. ಅವಳ ಗಂಡನಿಗೆ ಮಾತ್ರ ಇನ್ನು ಯಾರೂ ಹೇಳಲಾರರು.